ಕೇಸ್ ಸ್ಟಡಿ ಬರೆಯುವುದು: ಮಧುರೆಯ ಕಣ್ಣಾಸ್ಪತ್ರೆಯಿಂದ ನಮ್ಮ ಶಾಲೆಯವರೆಗೆ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಮಹೋತ್ಸವ ಸಮಿತಿಯವರು ನನಗೆ ಫೋನ್ ಮಾಡಿ, "ಮುಂದೆ ಕಾಲೇಜಿಗೆ ಹೋಗುವ ಮಕ್ಕಳಿಗೆ ಉಪಯೋಗ ಆಗುವಂಥದ್ದನ್ನು ಮಾತಾಡಿ" ಎಂದು ಹೇಳಿದರು. ನಾನು ಸಾಫ್ಟ್‌ವೇರ್ ಎಂಜಿನಿಯರ್ ಆದ್ದರಿಂದ ಕಂಪ್ಯೂಟರ್ ಬಗ್ಗೆ ಮಾತಾಡುತ್ತೇನೆ ಎಂದು ನೀವು ಅಂದುಕೊಂಡಿರಬಹುದು. ಅದನ್ನು ಹೇಳಲು ಈಗ ಎಲ್ಲರ ಕೈಯಲ್ಲೂ ಮೊಬೈಲ್ ಇದೆ. ನಾನು ಆರಿಸಿಕೊಂಡ ವಿಷಯ ಕೇಸ್ ಸ್ಟಡಿ. ಬಿ.ಕಾಂ., ಬಿ.ಬಿ.ಎ., ಎಂ.ಬಿ.ಎ. ಓದುವವರಿಗೆ ಇದು ತಪ್ಪಿದ್ದಲ್ಲ. ಬಿ.ಇ. ಓದುವಾಗ ನಮಗೂ ಮ್ಯಾನೇಜ್‌ಮೆಂಟ್ ಎಂಬ ಒಂದು ವಿಷಯವಿತ್ತು, ಅದರಲ್ಲಿ ಕೇಸ್ ಸ್ಟಡಿ ಬರೆಯಲು ಕೊಟ್ಟಿದ್ದರು. ಸರ್ಕಾರಿ ಶಾಲೆಯಿಂದ, ಕನ್ನಡ ಮಾಧ್ಯಮದಿಂದ ಹೋದ ಮಕ್ಕಳು ಹೆಚ್ಚಾಗಿ ಹೆದರುವುದು ಇಲ್ಲೇ. ಇದಕ್ಕೆ ಗೈಡ್ ಇಲ್ಲ, ಬಾಯಿಪಾಠ ಮಾಡುವ ಉತ್ತರವೂ ಇಲ್ಲ. ಆದರೆ ನನ್ನ ಅನುಭವದಲ್ಲಿ ಹಳ್ಳಿಯ ಮಕ್ಕಳು ಧೈರ್ಯವಾಗಿ ಬಾಯಿಬಿಡಬಹುದಾದ ಜಾಗವೂ ಇದೇ. ಅದು ಹೇಗೆ ಎಂದು ಹೇಳುತ್ತೇನೆ.

ಮೊದಲು ಕೇಸ್ ಸ್ಟಡಿ ಎಂದರೇನು ನೋಡೋಣ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ 1908ರಲ್ಲಿ ವ್ಯವಹಾರ ಕಲಿಸುವ ಶಾಲೆ ಶುರುವಾಯಿತು. ಕಾನೂನು ಓದುವವರು ಹಳೆಯ ಮೊಕದ್ದಮೆಗಳನ್ನು ಓದಿ, ವಾದಿಸಿ ಕಲಿಯುವ ಪದ್ಧತಿ ಆ ವಿಶ್ವವಿದ್ಯಾಲಯದಲ್ಲಿ ಆಗಲೇ ಇತ್ತು. ಅದೇ ರೀತಿ ನಿಜವಾದ ಒಂದು ಕಾರ್ಖಾನೆಯ, ಒಂದು ಅಂಗಡಿಯ ಕಷ್ಟವನ್ನು ಬರೆದು ವಿದ್ಯಾರ್ಥಿಯ ಮುಂದಿಟ್ಟು, "ನೀನು ಈ ಯಜಮಾನನ ಜಾಗದಲ್ಲಿ ಇದ್ದಿದ್ದರೆ ಏನು ಮಾಡುತ್ತಿದ್ದೆ?" ಎಂದು ಕೇಳತೊಡಗಿದರು. 1961ರಲ್ಲಿ ಅಹಮದಾಬಾದಿನಲ್ಲಿ ಐಐಎಂ ಸ್ಥಾಪನೆಯಾದಾಗ ಹಾರ್ವರ್ಡ್ ಸಹಯೋಗವಿತ್ತು, ಹಾಗಾಗಿ ಈ ಪದ್ಧತಿ ನಮ್ಮ ದೇಶದಲ್ಲೂ ಬೇರು ಬಿಟ್ಟಿತು. ಪಂಚಾಯಿತಿ ಕಟ್ಟೆಯಲ್ಲಿ ಕೂತು ಒಂದು ನ್ಯಾಯ ಬಿಡಿಸುವುದನ್ನು ನೋಡಿದವರಿಗೆ ಇದು ಹೊಸದೇನಲ್ಲ. ಎರಡೂ ಕಡೆಯವರನ್ನು ಕೇಳಬೇಕು, ಲೆಕ್ಕ ನೋಡಬೇಕು, ಕೊನೆಗೆ ಒಂದು ತೀರ್ಮಾನ ಹೇಳಿ ಅದಕ್ಕೆ ಕಾರಣ ಕೊಡಬೇಕು. ಬರವಣಿಗೆಯಲ್ಲಿ ಅದನ್ನು ಮಾಡಿದರೆ ಅದೇ ಕೇಸ್ ಸ್ಟಡಿಯ ವಿಶ್ಲೇಷಣೆ.

ಇದನ್ನು ಒಂದು ಉದಾಹರಣೆಯಿಂದ ಹೇಳುತ್ತೇನೆ. ಮಧುರೆಯ ಅರವಿಂದ ಕಣ್ಣಿನ ಆಸ್ಪತ್ರೆಯ ಬಗ್ಗೆ ಹಾರ್ವರ್ಡಿನ ಪ್ರಾಧ್ಯಾಪಕ ವಿ. ಕಸ್ತೂರಿ ರಂಗನ್ ಅವರು 1993ರಲ್ಲಿ ಬರೆದ ಕೇಸ್ ಬಹಳ ಪ್ರಸಿದ್ಧ. ಕಣ್ಣಿನ ಶಿಬಿರ ಎಂದರೆ ಇಲ್ಲಿರುವ ಹಿರಿಯರಿಗೆ ನಮ್ಮ ಕರ್ನಾಟಕದ ಡಾ. ಎಂ.ಸಿ. ಮೋದಿಯವರು ನೆನಪಾಗುತ್ತಾರೆ. ಊರೂರಿಗೆ ಹೋಗಿ ಶಾಲೆ, ಛತ್ರಗಳಲ್ಲಿ ಪೊರೆ ತೆಗೆದ ಪುಣ್ಯಾತ್ಮರು ಅವರು. ಅದೇ ಕಾಲದ ಇನ್ನೊಬ್ಬರು ಮಧುರೆಯ ಡಾ. ಗೋವಿಂದಪ್ಪ ವೆಂಕಟಸ್ವಾಮಿ. 1918ರಲ್ಲಿ ತಮಿಳುನಾಡಿನ ಒಂದು ಹಳ್ಳಿಯಲ್ಲಿ ಹುಟ್ಟಿದರು. ಬಾಲ್ಯದಲ್ಲಿ ಕಾಗದ, ಪೆನ್ಸಿಲ್ ಇಲ್ಲದೆ ಹೊಳೆಯ ಮರಳು ಹರಡಿ ಬೆರಳಿನಿಂದ ಅಕ್ಷರ ತಿದ್ದಿದವರು. ಮುಂದೆ ಕೀಲುವಾತ ಬಂದು ಅದೇ ಬೆರಳುಗಳು ಸೊಟ್ಟಗಾದವು. ಆ ಕೈಯಲ್ಲೇ ಶಸ್ತ್ರಚಿಕಿತ್ಸೆ ಕಲಿತು ಸಾವಿರಾರು ಜನರಿಗೆ ದೃಷ್ಟಿ ಕೊಟ್ಟರು. ಸರ್ಕಾರಿ ಕೆಲಸದಿಂದ 58ನೇ ವಯಸ್ಸಿಗೆ ನಿವೃತ್ತರಾಗಿ, 1976ರಲ್ಲಿ 11 ಹಾಸಿಗೆಯ ಆಸ್ಪತ್ರೆ ತೆರೆದರು.

ಈ ಕತೆ ಕೇಳಿದಾಗ ನಮಗೆ ಕೈಮುಗಿಯಬೇಕು ಅನ್ನಿಸುತ್ತದೆ. ಮಕ್ಕಳೇ, ಕೇಸ್ ಸ್ಟಡಿ ಬರೆಯುವಾಗ ಎಚ್ಚರ ಬೇಕಾದದ್ದು ಇಲ್ಲೇ. ನಮ್ಮ ತರಗತಿಯಲ್ಲಿ ಹೆಚ್ಚಿನವರು ನಾಲ್ಕು ಪುಟದಲ್ಲಿ ಮೂರು ಪುಟ ಡಾಕ್ಟರರ ಜೀವನ ಚರಿತ್ರೆ ಬರೆದು, ಕೊನೆಗೆ "ಹೀಗೆ ಪರಿಶ್ರಮದಿಂದ ಏನನ್ನಾದರೂ ಸಾಧಿಸಬಹುದು" ಎಂದು ಮುಗಿಸಿದ್ದರು. ಅದು ಪ್ರಬಂಧ. ಕೇಸ್ ಓದಿದ ಮೇಷ್ಟರಿಗೆ ಕತೆ ಗೊತ್ತಿರುತ್ತದೆ. ಅವರಿಗೆ ಬೇಕಾದದ್ದು ಒಂದೇ: ಈಗ ಏನು ಮಾಡಬೇಕು, ಯಾಕೆ?

ಆದ್ದರಿಂದ ಕೇಸನ್ನು ಎರಡು ಸಲ ಓದಬೇಕು. ಮೊದಲ ಸಲ ಕತೆಯಂತೆ ಓದಿ. ಎರಡನೇ ಸಲ ಪೆನ್ಸಿಲ್ ಹಿಡಿದು, ಮೂರು ಪ್ರಶ್ನೆ ಇಟ್ಟುಕೊಂಡು ಓದಿ. ತೀರ್ಮಾನ ತೆಗೆದುಕೊಳ್ಳಬೇಕಾದವರು ಯಾರು? ಯಾವ ಹೊತ್ತಿನಲ್ಲಿ? ಏನನ್ನು ಕುರಿತು? ಈ ಕೇಸಿನಲ್ಲಿ ತೀರ್ಮಾನ ಮಾಡಬೇಕಾದವರು 74 ವರ್ಷದ ವೆಂಕಟಸ್ವಾಮಿ. ಇಸವಿ 1992. ಅಷ್ಟರಲ್ಲಿ ಮಧುರೆಯ ಜೊತೆಗೆ ತೇನಿ, ತಿರುನೆಲ್ವೇಲಿಗಳಲ್ಲೂ ಆಸ್ಪತ್ರೆ ಇದೆ. ಈ ಪದ್ಧತಿಯನ್ನು ಇನ್ನೂ ದೂರಕ್ಕೆ, ದೇಶದ ಬೇರೆ ಕಡೆಗೂ ಒಯ್ಯಬೇಕು ಎಂಬುದು ಅವರ ಆಸೆ. ಹೇಗೆ ಒಯ್ಯುವುದು ಎಂಬುದು ಪ್ರಶ್ನೆ. ಉತ್ತರ ಬರೆಯುವವನು 1992ರಲ್ಲೇ ನಿಲ್ಲಬೇಕು. ಆಮೇಲೆ ಏನಾಯಿತು ಎಂದು ಗೂಗಲ್‌ನಲ್ಲಿ ನೋಡಿ ಬರೆಯುವುದು ಫಲಿತಾಂಶ ಗೊತ್ತಾದ ಮೇಲೆ ಪಂದ್ಯದ ಭವಿಷ್ಯ ಹೇಳಿದ ಹಾಗೆ.

ಮುಂದಿನದು ಲೆಕ್ಕ. ಕೇಸಿನ ಕೊನೆಯಲ್ಲಿ ಕೋಷ್ಟಕಗಳಿರುತ್ತವೆ, ಅವನ್ನು ಹಾರಿಸಿ ಓದುವವರೇ ಜಾಸ್ತಿ. ಅರವಿಂದದ ಕೇಸಿನಲ್ಲಿ ಒಂದು ಅಂಕಿ ಇದೆ. 1992ರ ಹೊತ್ತಿಗೆ ಅವರು 36.5 ಲಕ್ಷ ಜನರ ಕಣ್ಣು ಪರೀಕ್ಷಿಸಿದ್ದರು, ಸುಮಾರು 3.35 ಲಕ್ಷ ಪೊರೆಯ ಶಸ್ತ್ರಚಿಕಿತ್ಸೆ ಮಾಡಿದ್ದರು, ಅದರಲ್ಲಿ ಹತ್ತಿರ ಹತ್ತಿರ ನೂರಕ್ಕೆ 70ರಷ್ಟು ಉಚಿತ. ಇದನ್ನು ಹಾಗೇ ಉತ್ತರದಲ್ಲಿ ಎತ್ತಿ ಬರೆದರೆ ಪ್ರಯೋಜನವಿಲ್ಲ. ಏಳನೇ ತರಗತಿಯ ಗಣಿತದಲ್ಲಿ ಸ್ವಲ್ಪ ಹಿಂಡಿ ನೋಡಿ. ನೂರು ಜನರ ಕಣ್ಣು ನೋಡಿದರೆ ಒಂಬತ್ತು ಶಸ್ತ್ರಚಿಕಿತ್ಸೆ. ಹತ್ತು ಶಸ್ತ್ರಚಿಕಿತ್ಸೆಯಲ್ಲಿ ಮೂರು ಜನ ಹಣ ಕೊಟ್ಟವರು, ಏಳು ಜನ ಕೊಡದವರು. ಅಂದರೆ ಹಣ ಕೊಟ್ಟ ಒಬ್ಬರ ಹಿಂದೆ ಇಬ್ಬರಿಗಿಂತ ಸ್ವಲ್ಪ ಹೆಚ್ಚು ಜನ ಉಚಿತವಾಗಿ ಬರುತ್ತಿದ್ದಾರೆ. ಇಷ್ಟಾದರೂ ಹೊರಗಿನ ದೇಣಿಗೆ ಇದ್ದದ್ದು ಬಹಳ ಕಡಿಮೆ. ಹಾಗಾದರೆ ಆಸ್ಪತ್ರೆ ಮುಳುಗಲಿಲ್ಲ ಯಾಕೆ? ಈಗ ನಿಮಗೆ ಒಂದು ಪ್ರಶ್ನೆ ಸಿಕ್ಕಿತು. ಒಳ್ಳೆಯ ವಿಶ್ಲೇಷಣೆ ಶುರುವಾಗುವುದು ಇಂಥ ಪ್ರಶ್ನೆಯಿಂದ.

ಉತ್ತರಕ್ಕೆ ನಮ್ಮೂರಿನ ಹಿಟ್ಟಿನ ಮಿಲ್ಲನ್ನು ನೆನೆಸಿಕೊಳ್ಳಿ. ದಿನಕ್ಕೆ ಒಂದು ಮೂಟೆ ರಾಗಿ ಬಂದರೂ, ಹತ್ತು ಮೂಟೆ ಬಂದರೂ ಮಿಲ್ಲಿನ ಬಾಡಿಗೆ, ಯಂತ್ರದ ಸಾಲದ ಕಂತು, ಕೂರುವವನ ಸಂಬಳ ಅಷ್ಟೇ. ಮೂಟೆ ಜಾಸ್ತಿ ಬಂದಷ್ಟೂ ಒಂದೊಂದು ಮೂಟೆಯ ತಲೆಗೆ ಬೀಳುವ ಖರ್ಚು ಕಡಿಮೆ. ಆಸ್ಪತ್ರೆಯಲ್ಲಿ ಅತಿ ದುಬಾರಿಯಾದದ್ದು ಡಾಕ್ಟರ ಸಮಯ. ಅರವಿಂದದಲ್ಲಿ ಆ ಸಮಯ ಪೋಲಾಗದ ಹಾಗೆ ಏರ್ಪಾಡು ಮಾಡಿದ್ದರು. ಒಬ್ಬ ಡಾಕ್ಟರಿಗೆ ಎರಡು ಮೇಜು. ಒಂದರ ಮೇಲೆ ಶಸ್ತ್ರಚಿಕಿತ್ಸೆ ನಡೆಯುವಾಗ ಪಕ್ಕದ ಮೇಜಿನಲ್ಲಿ ಇನ್ನೊಬ್ಬ ರೋಗಿ ಸಿದ್ಧ. ಇದು ಮುಗಿದ ಕೂಡಲೇ ಅತ್ತ ತಿರುಗುತ್ತಾರೆ. ಕಣ್ಣು ತೊಳೆಯುವುದು, ಕನ್ನಡಕದ ನಂಬರ್ ನೋಡುವುದು, ರೋಗಿಗೆ ಧೈರ್ಯ ಹೇಳುವುದು ಇವೆಲ್ಲ ಎರಡು ವರ್ಷ ತರಬೇತಿ ಪಡೆದ ಹೆಣ್ಣುಮಕ್ಕಳ ಕೆಲಸ. ಅವರಲ್ಲಿ ಬಹುಪಾಲು ಹಳ್ಳಿಯಿಂದ ಬಂದವರು, ನಿಮ್ಮ ಹಾಗೇ ಶಾಲೆ ಓದಿದವರು. ಹೀಗಾಗಿ ಉಚಿತವಾಗಿ ಬಂದವರ ಸಂಖ್ಯೆಯೂ ಆಸ್ಪತ್ರೆಗೆ ಬರೀ ಹೊರೆಯಾಗಲಿಲ್ಲ. ಅವರಿಂದ ಡಾಕ್ಟರ ಕೈ ಪಳಗಿತು, ತಲೆಗೆ ಬೀಳುವ ಖರ್ಚು ಇಳಿಯಿತು. ಕೈ ಪಳಗಿದ ಡಾಕ್ಟರು ಇದ್ದಾರೆಂದು ಹಣ ಕೊಡುವವರೂ ಬಂದರು.

ಈಗ ನಮ್ಮ ತರಗತಿಯಲ್ಲಿ ನಡೆದ ಒಂದು ಚರ್ಚೆ ಹೇಳುತ್ತೇನೆ. ಉಚಿತ ಎಂದು ಸಾರಿದರೂ, ಪೊರೆ ಇದೆ ಎಂದು ಶಿಬಿರದಲ್ಲಿ ಹೇಳಿ ಕಳಿಸಿದರೂ, ಮೊದಮೊದಲು ಎಷ್ಟೋ ಜನ ಆಸ್ಪತ್ರೆಗೆ ಬರುತ್ತಿರಲಿಲ್ಲ. ಏನು ಮಾಡಬೇಕು ಎಂದು ಮೇಷ್ಟರು ಕೇಳಿದರು. ನನ್ನ ಗೆಳೆಯರು ಜಾಹೀರಾತು ಹೆಚ್ಚಿಸಬೇಕು, ಜನರಿಗೆ ಅರಿವು ಮೂಡಿಸಬೇಕು ಎಂದರು. ಪಟ್ಟಣದಲ್ಲಿ ಬೆಳೆದ ಬುದ್ಧಿವಂತ ಹುಡುಗರು, ಚೆನ್ನಾದ ಇಂಗ್ಲಿಷ್. ನನಗೆ ನಮ್ಮ ಅಜ್ಜಿಯ ನೆನಪಾಯಿತು. ಅಜ್ಜಿ ಪೊರೆ ತೆಗೆಸಲು ಮೂರು ಸಲ ಹೆಸರು ಬರೆಸಿ, ಮೂರು ಸಲವೂ ಹೋಗಲಿಲ್ಲ. ಶಿಬಿರದ ವಿಷಯ ಅವಳಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿಯೇ ಗೊತ್ತಿತ್ತು. ಬಸ್ಸಿಗೆ ಇಬ್ಬರ ಚಾರ್ಜು ಯಾರು ಕೊಡುತ್ತಾರೆ, ಜೊತೆಗೆ ಬರುವ ಮಗನ ನಾಲ್ಕು ದಿನದ ಕೂಲಿ ಹೋಗುತ್ತದಲ್ಲ, ಹಸು ಕರೆಯುವವರು ಯಾರು, ಎಂಬುದು ಅವಳ ಲೆಕ್ಕ. ಅದರ ಮೇಲೆ ಕಣ್ಣಿಗೆ ಕತ್ತರಿ ಹಾಕುತ್ತಾರೆಂಬ ಭಯ. ಉಚಿತ ಎಂದು ಬರೆದ ಬೋರ್ಡಿನ ಹಿಂದೆ ಒಂದು ಬೆಲೆ ಇತ್ತು, ಅದನ್ನು ಅಜ್ಜಿ ಕೊಡಲಾರದೆ ಹೋದಳು.

ನನ್ನ ಅರ್ಧಂಬರ್ಧ ಇಂಗ್ಲಿಷಿನಲ್ಲಿ ಇದನ್ನು ಹೇಳಿದೆ. ಮೇಷ್ಟರು, "ಒಳ್ಳೆಯ ಮಾತು. ಆದರೆ ನಿಮ್ಮ ಅಜ್ಜಿ ಒಬ್ಬರು. ಕೇಸಿನಲ್ಲಿ ಸಾಕ್ಷಿ ತೋರಿಸು" ಎಂದರು. ಹುಡುಕಿದಾಗ ಸಾಕ್ಷಿ ಅಲ್ಲೇ ಇತ್ತು. ಶಿಬಿರದಿಂದ ರೋಗಿಗಳನ್ನು ಬಸ್ಸಿನಲ್ಲಿ ಕರೆತಂದು, ಊಟ ಹಾಕಿ, ಶಸ್ತ್ರಚಿಕಿತ್ಸೆ ಮಾಡಿ, ಮತ್ತೆ ಊರಿಗೆ ಬಿಡುವ ಏರ್ಪಾಡನ್ನು ಅರವಿಂದದವರು ಮಾಡಿಕೊಂಡಿದ್ದರು. ಒಂದೇ ಕಡೆಯ ಹಲವರು ಒಟ್ಟಿಗೆ ಹೋಗಿ ಒಟ್ಟಿಗೆ ಬರುವುದರಿಂದ ಭಯವೂ ಕಡಿಮೆಯಾಗುತ್ತದೆ. ಅನುಭವ ನಮಗೆ ಪ್ರಶ್ನೆಯನ್ನು ಕೊಡುತ್ತದೆ, ಉತ್ತರವನ್ನು ಸಾಕ್ಷಿಯಿಂದಲೇ ಗಟ್ಟಿ ಮಾಡಬೇಕು. ಅಂದು ನಾನು ಕಲಿತದ್ದು ಇದು. ಇನ್ನೊಂದನ್ನೂ ಕಲಿತೆ. ಹಳ್ಳಿಯ ಮಗು ತರಗತಿಗೆ ಬರಿಗೈಯಲ್ಲಿ ಹೋಗುವುದಿಲ್ಲ. ಕೂಲಿ, ಬಡ್ಡಿ, ಡೇರಿ, ಸಂತೆ, ಬಸ್ಸು ತಪ್ಪುವುದು, ಇವೆಲ್ಲ ಅವನಿಗೆ, ಅವಳಿಗೆ ಗೊತ್ತು. ಇಂಗ್ಲಿಷನ್ನು ಎರಡು ವರ್ಷದಲ್ಲಿ ಕಲಿಯಬಹುದು. ಆ ತಿಳಿವಳಿಕೆಯನ್ನು ಪುಸ್ತಕದಲ್ಲಿ ಅಷ್ಟು ಸುಲಭವಾಗಿ ಕಲಿಯಲಾಗದು.

ಈ ಚರ್ಚೆಯಲ್ಲೇ ಇನ್ನೊಂದು ಪಾಠವಿದೆ. "ಜನ ಬರುತ್ತಿಲ್ಲ" ಎಂಬುದು ಲಕ್ಷಣ, ಜ್ವರ ಇದ್ದ ಹಾಗೆ. ಜ್ವರ ನೆಗಡಿಯಿಂದ ಬಂದಿರಬಹುದು, ಮಲೇರಿಯಾದಿಂದಲೂ ಬಂದಿರಬಹುದು, ಔಷಧಿ ಬೇರೆ ಬೇರೆ. ಜನಕ್ಕೆ ಗೊತ್ತಿಲ್ಲದಿದ್ದರೆ ಜಾಹೀರಾತು ಸರಿ. ಗೊತ್ತಿದ್ದೂ ಬರಲಾಗದಿದ್ದರೆ ಜಾಹೀರಾತಿನ ಹಣ ನೀರಿನಲ್ಲಿ ಹೋಮ. ಆದ್ದರಿಂದ ಉತ್ತರ ಬರೆಯುವ ಮೊದಲು ಸಮಸ್ಯೆಯನ್ನು ಒಂದೇ ವಾಕ್ಯದಲ್ಲಿ ಬರೆದು ನೋಡಿ. ಒಂದು ವಾಕ್ಯಕ್ಕೆ ಬರದಿದ್ದರೆ ಇನ್ನೂ ಅರ್ಥವಾಗಿಲ್ಲ ಎಂದೇ ಲೆಕ್ಕ.

ಆಮೇಲೆ ದಾರಿಗಳು. ಕನಿಷ್ಠ ಮೂರು ದಾರಿ ಬರೆಯಿರಿ, ಅದರಲ್ಲಿ "ಈಗ ಇರುವ ಹಾಗೇ ಬಿಡುವುದು" ಎಂಬುದೂ ಒಂದಿರಲಿ. ವೆಂಕಟಸ್ವಾಮಿಯವರ ಮುಂದೆ ಹೊಸ ಊರಲ್ಲಿ ತಾವೇ ಆಸ್ಪತ್ರೆ ಕಟ್ಟುವ ದಾರಿ ಇತ್ತು. ಬೇರೆ ಆಸ್ಪತ್ರೆಗಳವರಿಗೆ ತಮ್ಮ ಪದ್ಧತಿ ಕಲಿಸುವ ದಾರಿ ಇತ್ತು. ಇದ್ದಲ್ಲೇ ಇದ್ದು ಇನ್ನೂ ಹೆಚ್ಚು ಜನರನ್ನು ಕರೆತರುವ ದಾರಿಯೂ ಇತ್ತು. ಪ್ರತಿಯೊಂದಕ್ಕೂ ಎಷ್ಟು ಹಣ, ಎಷ್ಟು ಡಾಕ್ಟರು, ಎಷ್ಟು ವರ್ಷ ಬೇಕು, ಯಾವ ದಾರಿಯಲ್ಲಿ ಬಡವರಿಗೆ ಹೆಚ್ಚು ಅನುಕೂಲ ಎಂದು ತೂಗಿ, ಒಂದನ್ನು ಆರಿಸಿ. "ಎಲ್ಲವನ್ನೂ ಸ್ವಲ್ಪ ಸ್ವಲ್ಪ ಮಾಡಬೇಕು" ಎಂದು ಬರೆಯುವುದು ಜಾಣತನ ಅಲ್ಲ, ಜವಾಬ್ದಾರಿಯಿಂದ ತಪ್ಪಿಸಿಕೊಳ್ಳುವುದು. ಆರಿಸಿದ ದಾರಿಯಲ್ಲಿ ಏನು ಕೆಡಬಹುದು ಎಂಬುದನ್ನೂ ನೀವೇ ಬರೆಯಬೇಕು, ಯಾಕೆಂದರೆ ಅದನ್ನು ಮುಚ್ಚಿಟ್ಟವರ ಮಾತನ್ನು ಯಾರೂ ನಂಬುವುದಿಲ್ಲ. ಬರವಣಿಗೆಯಲ್ಲಿ ನಿಮ್ಮ ತೀರ್ಮಾನ ಮೊದಲ ಪ್ಯಾರಾದಲ್ಲೇ ಬರಲಿ, ಕಾರಣಗಳು ಅದರ ಹಿಂದೆ ಬರಲಿ. ಪತ್ತೇದಾರಿ ಕಾದಂಬರಿಯ ಹಾಗೆ ಕೊನೆಯವರೆಗೆ ಬಚ್ಚಿಡಬೇಡಿ. ಶಕ್ತಿ, ದೌರ್ಬಲ್ಯ, ಅವಕಾಶ, ಅಪಾಯ ಎಂದು ನಾಲ್ಕು ಮನೆಯ ಚೌಕ ಬರೆದು ತುಂಬಿಸುವ ಅಭ್ಯಾಸ ಕಾಲೇಜುಗಳಲ್ಲಿ ಇದೆ. ಅದನ್ನು ಹಾಕಿ, ತಪ್ಪಿಲ್ಲ. ಆದರೆ ಅದು ತರಕಾರಿ ಹೆಚ್ಚಿಟ್ಟ ಹಾಗೆ, ಸಾರು ಇನ್ನೂ ಆಗಬೇಕು.

ಬರೆದು ಮುಗಿಸಿದ ಮೇಲೆ, ಮುಂದೆ ಏನಾಯಿತೆಂದು ನೋಡಬಹುದು. 1992ರವರೆಗೂ ಒಂದು ಭೇದ ಉಳಿದಿತ್ತು. ಹಣ ಕೊಟ್ಟವರಿಗೆ ಕಣ್ಣಿನೊಳಗೆ ಕೃತಕ ಮಸೂರ ಹಾಕುತ್ತಿದ್ದರು. ಉಚಿತವಾಗಿ ಬಂದವರಲ್ಲಿ ಹೆಚ್ಚಿನವರಿಗೆ ಪೊರೆ ತೆಗೆದು ದಪ್ಪ ಕನ್ನಡಕ ಕೊಡುತ್ತಿದ್ದರು. ಸೋಡಾ ಬಾಟಲಿ ತಳದಂಥ ಆ ಕನ್ನಡಕವನ್ನು ನೀವೆಲ್ಲ ನೋಡಿದ್ದೀರಿ. ಕಾರಣ ಬೆಲೆ. ಹೊರದೇಶದ ಮಸೂರಕ್ಕೆ ಆಗ ನೂರು ಡಾಲರಿನ ಆಸುಪಾಸು. ಅದೇ 1992ರಲ್ಲಿ ಅರವಿಂದದವರು ಅರೋಲ್ಯಾಬ್ ಎಂಬ ಘಟಕ ತೆರೆದು ಮಸೂರವನ್ನು ತಾವೇ ತಯಾರಿಸಿ, ಸುಮಾರು ಹತ್ತು ಡಾಲರಿಗೆ ಇಳಿಸಿದರು. ಆಮೇಲೆ ಬಡವರ ಕಣ್ಣಿಗೂ ಮಸೂರ ಬಂತು. ಅಲ್ಲಿಗೆ ಎಲ್ಲ ಸರಿಯಾಯಿತೇ? ಇಲ್ಲ. 1999ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, ಕಣ್ಣಿನ ತೊಂದರೆ ಇದ್ದ ಹಳ್ಳಿಯವರಲ್ಲಿ ಶಿಬಿರಕ್ಕೆ ಬಂದವರು ನೂರಕ್ಕೆ 7 ಜನ ಮಾತ್ರ. ಇಷ್ಟು ಹೆಸರು ಮಾಡಿದ ಸಂಸ್ಥೆ ಆ ಅಂಕಿಯನ್ನು ಕಡೆಗಣಿಸಲಿಲ್ಲ. ಹಳ್ಳಿಗಳ ನಡುವೆ ಸಣ್ಣ ದೃಷ್ಟಿ ಕೇಂದ್ರಗಳನ್ನು ತೆರೆದರು. ಅಲ್ಲಿ ತರಬೇತಿ ಪಡೆದವರು ಕಣ್ಣು ನೋಡುತ್ತಾರೆ, ದೂರದ ಆಸ್ಪತ್ರೆಯ ಡಾಕ್ಟರು ಕಂಪ್ಯೂಟರಿನಲ್ಲಿ ರೋಗಿಯೊಡನೆ ಮಾತಾಡಿ ಸಲಹೆ ಕೊಡುತ್ತಾರೆ. ಹೊಗಳಿಕೆ ಬರುತ್ತಿದ್ದ ಹೊತ್ತಿನಲ್ಲೇ ತಮ್ಮ ಕೊರತೆಯ ಲೆಕ್ಕ ಹಾಕಿಕೊಂಡರಲ್ಲ, ನನಗೆ ಆ ಡಾಕ್ಟರರ ಮೇಲಿನ ಗೌರವ ಹೆಚ್ಚಿದ್ದು ಅಲ್ಲಿ.

ಹಿರಿಯರೇ, ಇಷ್ಟು ಹೊತ್ತು ಮಧುರೆಯ ಮಾತಾಯಿತು. ಇನ್ನು ನಮ್ಮ ಶಾಲೆಯ ಮಾತು. ನಮ್ಮದೂ ಉಚಿತವಾಗಿ ಕೊಡುವ ಜಾಗ. ಫೀಸಿಲ್ಲ, ಪುಸ್ತಕ, ಬಿಸಿಯೂಟ ಎಲ್ಲ ಇದೆ. ಆದರೂ ಬೆಳಿಗ್ಗೆ ಎಂಟು ಗಂಟೆಗೆ ನಮ್ಮೂರ ಬಸ್ ಸ್ಟಾಪಿನಲ್ಲಿ ನಿಂತರೆ, ಹಣ ಕೊಟ್ಟು ಓದುವ ಮಕ್ಕಳನ್ನು ತುಂಬಿಕೊಂಡು ಹಳದಿ ವ್ಯಾನುಗಳು ಹೋಗುತ್ತವೆ. ನಾವು ಓದುವಾಗ ಎಂಟನೇ ತರಗತಿಯಲ್ಲಿ ಬೆಂಚಿಗೆ ನಾಲ್ವರು ಕೂರುತ್ತಿದ್ದೆವು. ಇಂದು ಬೆಳಿಗ್ಗೆ ಅದೇ ಕೊಠಡಿಗೆ ಹೋಗಿದ್ದೆ, ಹಿಂದಿನ ಬೆಂಚುಗಳನ್ನು ಗೋಡೆಗೆ ಒತ್ತಿ ಜೋಡಿಸಿಟ್ಟಿದ್ದಾರೆ.

ಹಳೆಯ ವಿದ್ಯಾರ್ಥಿಗಳು ಸೇರಿಸಿರುವ ನಿಧಿ ಇದೆ. ಅದರಲ್ಲಿ ಸ್ವಾಗತ ಕಮಾನು ಕಟ್ಟಿಸೋಣ ಎಂದು ಕೆಲವರು, ರಂಗಮಂದಿರ ಎಂದು ಕೆಲವರು, ಕಂಪ್ಯೂಟರ್ ಕೊಠಡಿ ಎಂದು ಕೆಲವರು ಹೇಳಿದ್ದಾರೆ. ಎಲ್ಲವೂ ಶಾಲೆಯ ಮೇಲಿನ ಪ್ರೀತಿಯಿಂದ ಬಂದ ಮಾತೇ. ನಾನು ಯಾವುದಕ್ಕೂ ಇಂದು ಕೈ ಎತ್ತುವುದಿಲ್ಲ. ಔಷಧಿ ತರುವ ಮೊದಲು ಕಾಯಿಲೆ ಯಾವುದೆಂದು ನೋಡೋಣ ಎಂಬುದಷ್ಟೇ ನನ್ನ ಕೋರಿಕೆ. ಮಕ್ಕಳು ಕಡಿಮೆಯಾಗಿರುವುದು ಲಕ್ಷಣ. ಕಾರಣ ಇಂಗ್ಲಿಷ್ ಮಾಧ್ಯಮದ ಆಸೆಯೇ? ಖಾಲಿ ಬಿದ್ದಿರುವ ಶಿಕ್ಷಕರ ಹುದ್ದೆಯೇ? ಸಂಜೆಯ ಬಸ್ಸಿನ ಸಮಯ ಹೊಂದದೆ ಪಕ್ಕದ ಹಳ್ಳಿಗಳ ಹೆಣ್ಣುಮಕ್ಕಳು ಬಿಟ್ಟರೇ? ಶೌಚಾಲಯಕ್ಕೆ ನೀರಿಲ್ಲವೇ? ಅಥವಾ ಊರಿನಲ್ಲಿ ಮಕ್ಕಳೇ ಕಡಿಮೆಯೇ? ಒಂದೊಂದಕ್ಕೂ ಔಷಧಿ ಬೇರೆ. ಬಸ್ಸಿನ ತೊಂದರೆಯಾದರೆ ಡಿಪೋಗೆ ಹತ್ತು ಜನ ಹೋಗಿ ಮಾತಾಡಿದರೆ ಸಾಕು, ನಿಧಿಯಿಂದ ಒಂದು ರೂಪಾಯಿಯೂ ಬೇಡ.

ಇದನ್ನು ಪತ್ತೆ ಮಾಡಲು ಬೆಂಗಳೂರಿನಿಂದ ಯಾರೂ ಬರಬೇಕಾಗಿಲ್ಲ. ಒಂಬತ್ತನೇ ತರಗತಿಯ ಮಕ್ಕಳು ಮಾಡಲಿ. ಮುಖ್ಯೋಪಾಧ್ಯಾಯರು ಅನುಮತಿ ಕೊಟ್ಟರೆ ದಾಖಲಾತಿ ಪುಸ್ತಕದಿಂದ ಐವತ್ತು ವರ್ಷದ ಸಂಖ್ಯೆಯನ್ನು ಒಂದು ಹಾಳೆಯ ಮೇಲೆ ಇಳಿಸಲಿ. ಸುತ್ತಲಿನ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ, ಯಾರನ್ನೂ ದೂರದೆ, "ಮಗುವನ್ನು ಬೇರೆ ಶಾಲೆಗೆ ಯಾಕೆ ಕಳಿಸಿದಿರಿ?" ಎಂದು ಕೇಳಿ ಬರೆದುಕೊಳ್ಳಲಿ. ಮೂರು ದಾರಿ ಹುಡುಕಿ, ಒಂದನ್ನು ಆರಿಸಿ, ಕಾರಣ ಸಮೇತ ಶಾಲಾಭಿವೃದ್ಧಿ ಸಮಿತಿಯ ಮುಂದೆ ಓದಲಿ, ಕನ್ನಡದಲ್ಲೇ. ಅವರ ಜೊತೆ ಕೂತು ಲೆಕ್ಕ ಜೋಡಿಸಲು ತಿಂಗಳಿಗೆ ಎರಡು ಶನಿವಾರ ನಾನು ಬರುತ್ತೇನೆ. ನನ್ನ ಬ್ಯಾಚಿನ ಇಬ್ಬರು ಒಪ್ಪಿದ್ದಾರೆ. ಸಮಿತಿ ಅಲ್ಲಿಯವರೆಗೆ ನಿಧಿಯನ್ನು ಬ್ಯಾಂಕಿನಲ್ಲೇ ಇಡಲಿ. ಮಕ್ಕಳ ವರದಿ ಕೇಳಿದ ಮೇಲೂ ಕಮಾನೇ ಬೇಕು ಎನ್ನಿಸಿದರೆ, ನನ್ನ ಪಾಲನ್ನು ಕಮಾನಿಗೇ ಕೊಡುತ್ತೇನೆ.

ಅರವಿಂದದಲ್ಲಿ ನನಗೆ ಬಹಳ ಹಿಡಿಸಿದ ಒಂದು ಪದ್ಧತಿ ಇದೆ. ಹಣ ಕೊಡುವ ವಿಭಾಗಕ್ಕೆ ಹೋಗಬೇಕೋ, ಉಚಿತ ವಿಭಾಗಕ್ಕೆ ಹೋಗಬೇಕೋ ಎಂಬುದನ್ನು ರೋಗಿಯೇ ಆರಿಸಬಹುದು, ಆದಾಯ ಪ್ರಮಾಣಪತ್ರ ಯಾರೂ ಕೇಳುವುದಿಲ್ಲ. ಎರಡೂ ಕಡೆ ಸರದಿಯ ಮೇಲೆ ಅದೇ ಡಾಕ್ಟರುಗಳು. ಉಚಿತ ಎಂದರೆ ಕಳಪೆ ಎಂಬ ಮಾತು ಅಲ್ಲಿ ಸುಳ್ಳಾಯಿತು. ಈ ಶಾಲೆಯ ಗುರುಗಳ ಕೈಯಲ್ಲಿ ಕಲಿತ ನಮಗೂ ಅದು ಸುಳ್ಳೆಂದು ಗೊತ್ತು. ನಮಗೆ ಗೊತ್ತಿದ್ದರೆ ಸಾಲದು, ವ್ಯಾನಿಗೆ ಹಣ ಕಟ್ಟುತ್ತಿರುವ ಅಪ್ಪ ಅಮ್ಮಂದಿರಿಗೂ ಅದು ಕಣ್ಣಿಗೆ ಕಾಣಬೇಕು. ಅದಕ್ಕೆ ಏನು ಮಾಡಬೇಕೆಂಬುದೇ ಒಂಬತ್ತನೇ ತರಗತಿಗೆ ನಾನು ಕೊಡುತ್ತಿರುವ ಮೊದಲ ಕೇಸು. ಪುಟದ ಮಿತಿ ನಾಲ್ಕು. ಜೀವನ ಚರಿತ್ರೆ ಬೇಡ.